ಬಸಿಗಾಲುವೆಯಲ್ಲಿ ಸಿಕ್ಕ ಪೊಟ್ಟಣ

ಮಳೆಗಾಲ ಮುಗಿದ ಮೇಲೆ ಅಡಿಕೆ ತೋಟದ ಬಸಿಗಾಲುವೆಯ ಹೂಳು ತೆಗೆಸುತ್ತಿದ್ದಾಗ, ಕೊಳೆತ ಸೋಗೆಯ ನಡುವೆ ಬಿಸ್ಕತ್ತಿನ ಖಾಲಿ ಪೊಟ್ಟಣವೊಂದು ಸಿಕ್ಕಿತು. ಒಳಗೆ ಬೆಳ್ಳಿಯಂತೆ ಹೊಳೆಯುವ ಪದರ, ಹೊರಗೆ ಬಣ್ಣದ ಪ್ಲಾಸ್ಟಿಕ್. ಎರಡೂ ಬಿಡಿಸಲಾಗದಂತೆ ಅಂಟಿಕೊಂಡಿರುವುದರಿಂದ ಗುಜರಿಯವರೂ ಇದನ್ನು ಕೊಳ್ಳುವುದಿಲ್ಲ. ಬೇರೆ ಯಾರದ್ದೋ ಎನ್ನುವಂತಿರಲಿಲ್ಲ, ನಮ್ಮ ಮನೆಯದೇ. ಕೆಸರು ತೊಳೆದು ಹಿಂಬದಿ ಓದಿದರೆ ಮೈದಾ, ಸಕ್ಕರೆಗಳ ಬೆನ್ನಿಗೇ ತಾಳೆ ಎಣ್ಣೆಯ ಹೆಸರಿತ್ತು.

ಆಯಿ ಕೊಬ್ಬರಿ ಒಣಗಿಸಿ ಗಾಣಕ್ಕೆ ಕಳಿಸುತ್ತಿದ್ದ ಕಾಲದಲ್ಲಿ ಮನೆಗೆ ಬೇಕಾದ ಎಣ್ಣೆ ಎಷ್ಟೆಂಬುದು ಅಂಗಳದಲ್ಲೇ ಕಾಣುತ್ತಿತ್ತು. ಶಿರಸಿ ಸೀಮೆಯಲ್ಲಿ ತೋಟಕ್ಕೂ ಹಾಗೆಯೇ ಲೆಕ್ಕವಿದೆ: ಒಂದು ಎಕರೆ ಅಡಿಕೆಗೆ ಹೆಚ್ಚೆಂದರೆ 9 ಎಕರೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಹಸಿರು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಕಾಡು. ಆ ಬೆಟ್ಟ ಬೋಳಾದರೆ ಸೊಪ್ಪಿಗೂ ದರಕಿಗೂ ಪರದಾಡಬೇಕಾದವರು ನಾವೇ. ಬಿಸ್ಕತ್ತಿಗೂ ಇಂಥದೊಂದು ಬೆಟ್ಟವಿದೆ, ಆದರೆ ಅದು ಸುಮಾತ್ರಾದಲ್ಲೋ ಬೋರ್ನಿಯೋದಲ್ಲೋ ಇದೆ. ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದು. ಅದರ ಬಹುಪಾಲು ಬರುವ ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಮಳೆಕಾಡು ಕಡಿದು, ಜೌಗು ನೆಲದ ನೀರು ಬಸಿದು ತಾಳೆ ನೆಟ್ಟಿದ್ದಾರೆ. ಹೀಗೆ ಒಣಗಿದ ಇಂಡೋನೇಷ್ಯಾದ ನೆಲಕ್ಕೆ 2015ರಲ್ಲಿ ಬೆಂಕಿ ಬಿದ್ದಾಗ ಹೊಗೆ ಸಿಂಗಪುರದವರೆಗೂ ಕವಿದಿತ್ತು. ಶಿರಸಿಯ ಆಕಾಶ ಮಾತ್ರ ತಿಳಿಯಾಗಿಯೇ ಇತ್ತು.

1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಕೊಡಲಿ ಬೀಳುತ್ತಿದ್ದದ್ದು ಅವರ ಕಣ್ಣೆದುರು. ಕಾಡು ಹೋದರೆ ಬತ್ತುವ ಹಳ್ಳವೂ ಅವರದೇ. ಆ ಅಪ್ಪಿಕೋ ಚಳವಳಿ ನಡೆದ ಸೀಮೆಯವರೆಂದು ನೆಂಟರೆದುರು ಹೇಳಿಕೊಳ್ಳುವ ನಾನು, ಅಂಗಡಿಯಲ್ಲಿ ಚೀಟಿ ಕೊಟ್ಟು ತರುವ, ತಾಳೆ ಎಣ್ಣೆ ಬಳಸಿದ ಸಾಬೂನು, ಶಾಂಪೂ, ನೂಡಲ್ಸ್‌ಗಳಿಗಾಗಿ ಬಿದ್ದ ಮರವನ್ನು ಯಾವತ್ತೂ ಕಂಡಿಲ್ಲ.

ಹಾಗೆಂದು ತಾಳೆಯನ್ನೇ ಬೈದು ಪ್ರಯೋಜನವಿಲ್ಲ. ಎಕರೆಗೆ ಅದು ಕೊಡುವಷ್ಟು ಎಣ್ಣೆಯನ್ನು ತೆಂಗು ಕೊಡಲಾರದು. ಇಷ್ಟೇ ಎಣ್ಣೆಯನ್ನು ತೆಂಗಿನಿಂದ ತೆಗೆಯಹೊರಟರೆ ಇನ್ನೂ ಹೆಚ್ಚು ನೆಲ ಬೇಕು. ಹಾಗಾಗಿ ನನ್ನನ್ನು ಕಾಡುತ್ತಿರುವುದು ಯಾವ ಎಣ್ಣೆ ಎಂಬುದಲ್ಲ, ವಾರಕ್ಕೆ ಎಷ್ಟು ಪೊಟ್ಟಣ ಎಂಬುದು.

ಸಿಕ್ಕಿದ್ದನ್ನು ಬಚ್ಚಲೊಲೆಗೆ ಹಾಕಲು ಮನಸ್ಸಾಗದೆ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟೆ. ನಾಲ್ಕು ಗಂಟೆಗೆ ಕೆಲಸದವರು ಚಹಾಕ್ಕೆ ಬಂದರು. ಡಬ್ಬದಲ್ಲಿ ಅವಲಕ್ಕಿ ಮುಗಿದಿತ್ತು. ಅದೇ ಬಿಸ್ಕತ್ತಿನ ಇನ್ನೊಂದು ಪೊಟ್ಟಣ ಒಡೆದೆ.