ಹಾಳೆಯಲ್ಲಿ ಒಂದು ದಕ್ಷಿಣದ ಮೀನು: ಮೂರನೇ ವಾರ

ಎರಡನೇ ಅಡಿಕೆ ಹಾಳೆ ಕೊನೆಗೂ ಚಪ್ಪಟೆಯಾಯಿತು. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಮುರಕಲ್ಲು ಹೇರಿ ನಾಲ್ಕು ದಿನ ಬಿಟ್ಟಿದ್ದೆ. ಅವಸರ ಮಾಡಿದರೆ ಅಂಚು ಮತ್ತೆ ಸುರುಟಿಕೊಳ್ಳುತ್ತದೆ. ಬದಿಯಡ್ಕದ ನಮ್ಮ ತೋಟದಲ್ಲಿ ಹಾಳೆಗೇನೂ ಬರವಿಲ್ಲ, ಆದರೆ ಸೀಳಿಲ್ಲದ ಅಗಲ ಹಾಳೆ ಸಿಗುವುದು ಕಷ್ಟ.

ಮಾಡುತ್ತಿರುವುದು ಮ್ಯಾಂಕೋಪ್ಸೆಟ್ಟಾ ಮ್ಯಾಕುಲಾಟಾ ಎಂಬ ಚಪ್ಪಟೆ ಮೀನು. ದಕ್ಷಿಣದ ತಣ್ಣನೆ ಕಡಲಲ್ಲಿ, ನೂರಾರು ಮೀಟರ್ ಆಳದ ತಳದಲ್ಲಿ ಇದರ ವಾಸ. 1872ರಿಂದ 1876ರವರೆಗೆ ಕಡಲು ಸುತ್ತಿದ ಚಾಲೆಂಜರ್ ಎಂಬ ಸಂಶೋಧನಾ ಹಡಗಿನವರಿಗೆ ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಪ್ರಿನ್ಸ್ ಎಡ್ವರ್ಡ್ ದ್ವೀಪದ ಬಳಿ ಸಿಕ್ಕಿತ್ತು. 1880ರಲ್ಲಿ ಪ್ರಾಣಿಶಾಸ್ತ್ರಜ್ಞ ಆಲ್ಬರ್ಟ್ ಗುಂಥರ್ ಅದನ್ನು ವಿವರಿಸಿ ಹೆಸರಿಟ್ಟರು. ಮ್ಯಾಕುಲಾಟಾ ಅಂದರೆ ಮಚ್ಚೆಯುಳ್ಳದ್ದು.

ಕಣ್ಣಿರುವ ಮೈ ಕಂದು, ನೆಲಕ್ಕೆ ತಾಗುವ ಮೈ ಬಿಳಿಚು. ಹಾಳೆಯೂ ಹಾಗೇ ಅಲ್ವಾ? ಹೊರಗೆ ಗೆರೆಗೆರೆ ಕಂದು, ಒಳಗೆ ನುಣುಪು ಬಿಳಿ. ಈ ಮೀನಿಗೆ ಹಾಳೆಯನ್ನೇ ಆರಿಸಿದ್ದು ಅದಕ್ಕೆ.

ಮೊದಲನೆಯದು ಕೆಟ್ಟದ್ದೂ ಅಲ್ಲೇ. ಪೆನ್ಸಿಲು ಚೆನ್ನಾಗಿ ಓಡುತ್ತದೆಂದು ಒಳಮೈಯಲ್ಲಿ ಚಿತ್ರ ಬರೆದು ಕತ್ತರಿಸಿದೆ. ಮಗುಚಿದರೆ ತಲೆ ಬಲಕ್ಕೆ! ಈ ಮೀನಿನ ಎರಡೂ ಕಣ್ಣು ಇರುವುದು ಎಡಮೈಯಲ್ಲಿ. ಮರಿಯಾಗಿದ್ದಾಗ ಆಚೆಗೊಂದು ಈಚೆಗೊಂದು ಇರುತ್ತವೆ, ಬೆಳೆಯುತ್ತಾ ಬಲಗಣ್ಣು ತಲೆ ದಾಟಿ ಎಡಕ್ಕೆ ಬರುತ್ತದೆ. ಬೆನ್ನು ಮೇಲಾಗಿ, ಕಣ್ಣು ನಮ್ಮ ಕಡೆಗಿದ್ದರೆ ತಲೆ ಎಡಕ್ಕೇ ಇರಬೇಕು. ಅಷ್ಟು ದೂರ ಬಂದ ಕಣ್ಣನ್ನು ತಪ್ಪು ಬದಿಗೆ ಇಡಲು ಮನಸ್ಸು ಬರಲಿಲ್ಲ. ಹಾಳೆ ಬದಲಿಸಿದೆ.

ಎರಡನೇ ಸಲ ಕತ್ತರಿಸುವ ಮೊದಲು ಕುಂಬಳೆಯಿಂದ ನಂಗು ತಂದೆ, ಅದೂ ಒಂದು ಚಪ್ಪಟೆ ಮೀನು. "ಅಕ್ಕ, ತೊಗಲು ತೆಗೆಯಬೇಡಿ" ಅಂದಾಗ ಮೀನು ಮಾರುವವರಿಗೆ ಆಶ್ಚರ್ಯ. ನಂಗಿನ ಕಣ್ಣೂ ಎಡಕ್ಕೇ. ಇದಕ್ಕೂ ಅದಕ್ಕೂ ಕಿವಿರಿನ ಹಿಂದಿನ ಜೋಡಿ ರೆಕ್ಕೆ ಇಲ್ಲ. ಬೆರಳಲ್ಲಿ ಸವರಿ ನೋಡಿದೆ, ಸಪಾಟಾಗಿದೆ. ಬಾಲ ಮಾತ್ರ ಬೇರೆ. ನಂಗಿಗೆ ಬೆನ್ನಿನ ಮತ್ತು ಕೆಳಗಿನ ರೆಕ್ಕೆಗಳು ಬಾಲದೊಂದಿಗೆ ಕೂಡಿ ಚೂಪಾಗುತ್ತವೆ. ದಕ್ಷಿಣದ್ದಕ್ಕೆ ಬಾಲದ ರೆಕ್ಕೆ ಬೇರೆಯೇ ಇದೆ, ಬೀಸಣಿಗೆಯ ಹಾಗೆ. ಅಲ್ಲಿ ಕತ್ತರಿ ಬಿಟ್ಟು ಬ್ಲೇಡು ಹಿಡಿದೆ.

ಮಚ್ಚೆಗೆ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದಾಗ ಸಿಗುವ ಕಂದು ರಸ. ತುಂಡು ಹಾಳೆಯಲ್ಲಿ ಪರೀಕ್ಷೆ ಮಾಡಿದೆ: ಒಂದು ಸಲ ಬಳಿದರೆ ಚಹಾದ ಬಣ್ಣ, ಮೂರು ಸಲಕ್ಕೆ ಗಾಢ ಕಂದು. ನಡುವೆ ಚೆನ್ನಾಗಿ ಒಣಗಬೇಕು, ಇಲ್ಲವಾದರೆ ಗೆರೆಗುಂಟ ಹರಡುತ್ತದೆ. ನಿನ್ನೆಗೆ ಹನ್ನೊಂದು ಮಚ್ಚೆ ಆಯಿತು.

ಕಣ್ಣಿಗೆ ಅಂಟುವಾಳದ ಬೀಜ ಎತ್ತಿಟ್ಟಿದ್ದೇನೆ. ಕಪ್ಪಗೆ, ಉರುಟಾಗಿ ಚೆನ್ನಾಗಿವೆ. ಅರ್ಧಕ್ಕೆ ಕೊಯ್ಯಲು ಹೋದರೆ ಗರಗಸ ಜಾರುತ್ತದೆ. ನಾಳೆ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ನೋಡುತ್ತೇನೆ.