ಹೂವಿಲ್ಲದ ಕೌದಿ

ಮೂರು ದಿನ ತಿರುಗಿದೆವು. ಬೆಳಗಾವಿ ಕೋಟೆಯ ಕಮಲ ಬಸದಿ ನೋಡಿದ್ದಾಯಿತು, ಕುಂದಾ ತಿಂದದ್ದಾಯಿತು. ಗೋಕಾಕ ಫಾಲ್ಸ್‌ಗೆ ಭಾನುವಾರ ಹೋಗಿ ತಪ್ಪು ಮಾಡಿದೆವು, ಆ ಗದ್ದಲದಲ್ಲಿ ನೀರಿನ ಸದ್ದೇ ಕಿವಿಗೆ ಬೀಳಲಿಲ್ಲ. ಅದೆಲ್ಲ ಈಗ ಮಸುಕು ಮಸುಕು. ಖಾನಾಪುರ ತಾಲ್ಲೂಕಿನ ಕಾಡಂಚಿನ ಒಂದು ಮನೆಯ ಜಗಲಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಕಡೆ ನನ್ನ ಗೆಳತಿ ಟೀಚರ್. ಅವಳ ಜೊತೆ ಸಿದ್ದಿ ಜನರ ಒಂದು ಊರಿಗೆ ಹೊರಟೆ. ದಾರಿಯಲ್ಲಿ ನಂದಗಡದಲ್ಲಿ ಇಳಿದು ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈ ಮುಗಿದೆ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದು ಇದೇ ಊರಲ್ಲಿ. ಅವನ ಪಡೆಯಲ್ಲಿ ಗಜವೀರ ಎಂಬ ಸಿದ್ದಿ ಬಂಟನಿದ್ದ ಎಂದು ಜನ ಇವತ್ತಿಗೂ ನೆನೆಯುತ್ತಾರೆ. ರಾಯಣ್ಣನ ಕಥೆ ಕೇಳುತ್ತಲೇ ಬೆಳೆದವಳು ನಾನು. ಗಜವೀರನ ಹೆಸರು ಕಿವಿಗೆ ಬಿದ್ದದ್ದು ಅವತ್ತೇ.

ಸಿದ್ದಿಗಳ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂರೂ ಇದ್ದಾರೆ. ನಾವು ಹೋದ ಮನೆಯಲ್ಲಿ ತಮ್ಮತಮ್ಮಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ.

ಹಿಂದಿನ ದಿನ ಪೇಟೆಯ ಒಂದು ಅಂಗಡಿಯಲ್ಲಿ 'ಸಿದ್ದಿ ಕೌದಿ' ಅಂತ ಹೇಳಿ ನನಗೊಂದು ಕೌದಿ ಮಾರಿದ್ದರು. 2,800 ರೂಪಾಯಿ ಕೊಟ್ಟಿದ್ದೆ. ಅದನ್ನೇ ಖುಷಿಯಿಂದ ತೆಗೆದು ಆಯಿಗೆ ತೋರಿಸಿದೆ. ಆಯಿ ಅಂದರೆ ಆ ಮನೆಯ ಹಿರಿಯಜ್ಜಿ, ಗೆಳತಿ ಕರೆಯುವುದು ಹಾಗೆ. ಅವರು ಮೊದಲು ಹಿಡಿದದ್ದು ಮೂಲೆ. ಆಮೇಲೆ ಮಗುಚಿ ಹಾಕಿ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಮಷೀನಿಂದು ಐತಿ ಯವ್ವಾ. ಮತ್ತ ಬೆತ್ತಲೆ ಐತಿ."

ನನಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ತಮ್ಮ ಕೌದಿ ತಂದು ಹಾಸಿದರು. ನಾಲ್ಕೂ ಮೂಲೆಯಲ್ಲಿ ಬಟ್ಟೆಯ ಹೂವು. ಚೌಕ ತುಂಡುಗಳನ್ನು ತ್ರಿಕೋನವಾಗಿ ಮಡಚಿ, ಕೆಂಪಿನ ಮೇಲೆ ಹಳದಿ, ಹಳದಿಯ ಮೇಲೆ ಹಸಿರು ಇಟ್ಟು ಹೊಲಿದದ್ದು. ಅದಕ್ಕೆ ಫುಲಾ ಅನ್ನುತ್ತಾರೆ. ಫುಲಾ ಇಲ್ಲದಿದ್ದರೆ ಕೌದಿ ಬೆತ್ತಲೆ.

ನಾನು ಬಾಗಲಕೋಟೆಯವಳು. ಕೌದಿ ಹೊದ್ದೇ ಬೆಳೆದವಳು, ನಮ್ಮವ್ವ ಉದ್ದಕ್ಕೂ ಸಾಲು ಸಾಲಾಗಿ ಹೊಲಿಯುತ್ತಿದ್ದಳು. ಇಲ್ಲಿ ಹಾಗಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಅಂಚುಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ನಿಲ್ಲುತ್ತಾರೆ. ಮುಚ್ಚುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಾರಂತೆ. "ಕೌದಿ ಹೊಟ್ಟಿ ಖಾಲಿ ಇರಬಾರದು," ಅಂದರು ಆಯಿ.

"ಆಯಿ, ನಂದಕ್ಕೂ ಫುಲಾ ಹಚ್ಚಿಕೊಡ್ರಿ, ಎಷ್ಟಾದ್ರೂ ಕೊಡ್ತೀನಿ," ಅಂದೆ. ಅವರು ನನ್ನ ಕೌದಿಯನ್ನು ನೀಟಾಗಿ ಮಡಚಿ ನನ್ನ ಮಡಿಲಲ್ಲೇ ಇಟ್ಟರು.

"ಇದು ನಾವು ಹೊಲಿದದ್ದಲ್ಲ. ಇದಕ್ಕ ಫುಲಾ ಹಚ್ಚೂದಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ, ಆದರೂ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಕೌದಿ ಕೊಳ್ಳುವವರಿದ್ದರೆ ಮಗುಚಿ ನೋಡಿ, ಹೊಲಿಗೆ ತುಸು ಅಂಕುಡೊಂಕಾಗಿದೆಯಾ, ಮೂಲೆಯಲ್ಲಿ ಹೂವಿದೆಯಾ ನೋಡಿ. ಅದಕ್ಕಿಂತ ಒಳ್ಳೆಯದು, ಹೊಲಿಯುವವರ ಕೈಗೇ ದುಡ್ಡು ಕೊಡಿ.

ಚಹಾ ಬಂತು. ಮಾತು ಜಾಗದ ಕಡೆ ಹೊರಳಿತು. ಆಯಿಯ ತಂಗಿಯನ್ನು ಹಳಿಯಾಳ ಕಡೆ ಕೊಟ್ಟಿದ್ದಾರೆ. ಅದು ಉತ್ತರ ಕನ್ನಡ ಜಿಲ್ಲೆ. ಅಲ್ಲಿನ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಯವರು ಸೇರಿದ್ದು 2020ರಲ್ಲಿ.

"ಒಂದ ತಾಯಿ ಮಕ್ಕಳು ನಾವು. ಆಕಿ ಸಿದ್ದಿ, ನಾ ಅಲ್ಲೇನು?"

ಇದು ಬರೀ ಹೆಸರಿನ ಮಾತಲ್ಲ. ಕಾಡಲ್ಲಿ ಬದುಕುವವರಿಗೆ ಅವರಿರುವ ಜಾಗದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಪಂಗಡದ ಪಟ್ಟಿಯಲ್ಲಿದ್ದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಕಾಡಿನಲ್ಲಿದ್ದೇವೆ ಎಂದು ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ತಪ್ಪಿಸಿಕೊಂಡು ಬಂದು ಕಾಡಲ್ಲಿ ಬದುಕಿದವರ ಹತ್ತಿರ ಅಷ್ಟು ಹಳೆಯ ಕಾಗದ ಎಲ್ಲಿಂದ ಬರಬೇಕು? ತಂಗಿಗೆ ಇಲ್ಲದ ಈ ಕಷ್ಟ ಅಕ್ಕನಿಗೆ ಇಷ್ಟು ವರ್ಷ ಇತ್ತು, ನಡುವೆ ಜಿಲ್ಲೆಯ ಒಂದು ಗಡಿ ಇದ್ದದ್ದಕ್ಕೆ.

ಅದೇ ಕಾಯ್ದೆಯ ನಿಯಮದಲ್ಲಿ ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿ ಎಂದಿದೆ. ಹಳೆಯ ಬಾವಿ, ಸ್ಮಶಾನ, ದೇವರ ಜಾಗ ಕೂಡ ಸಾಕ್ಷಿ. ಗೆಳತಿ ಇದನ್ನು ಓದಿ ಹೇಳಿದ್ದೇ ಆಯಿ ಎದ್ದು ಕೂತರು. ಬೆರಳು ಮಡಚುತ್ತಾ ಶುರು ಮಾಡಿದರು: ಬಾವಿ ತೋಡಿದವರು ಯಾರು, ಅಜ್ಜನನ್ನು ಮಣ್ಣು ಮಾಡಿದ್ದು ಯಾವ ಮರದ ಬುಡದಲ್ಲಿ, ಹಿರಿಯರಿಗೆ ತೆಂಗಿನಕಾಯಿ ಇಟ್ಟು ನಡೆದುಕೊಳ್ಳುವ ಜಾಗ ಯಾವುದು. ಮೊಮ್ಮಗಳು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದಳು. ಎಂಟು ಪುಟ ತುಂಬಿತು. ನಾವು ಬಸ್ ತಪ್ಪಿಸಿಕೊಂಡೆವು. ಕೊನೇ ಬಸ್ಸಿನ ಟೈಮು ಮೊದಲೇ ಕೇಳಿಟ್ಟುಕೊಳ್ಳಿ, ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹಾಲಿನ ಗಾಡಿಯವರು ನಂದಗಡದ ತನಕ ಬಿಟ್ಟರು.

ಹೊರಡುವಾಗ ಒಂದು ಕೌದಿ ಹೊಲಿದುಕೊಡಿ ಎಂದು ಕೇಳಿದೆ. ಆಯಿ ಒಪ್ಪಿದರು. ಆದರೆ ಹೊಸ ಬಟ್ಟೆ ಬೇಡ ಅಂದರು. "ಉಟ್ಟು ಮೆತ್ತಗಾಗಿದ್ದು ತಾ. ನಿಮ್ಮವ್ವನ ಸೀರಿ ಇದ್ರ ಚಲೋ."

ಮನೆಗೆ ಬಂದು ಟ್ರಂಕು ತೆಗೆದೆ. ಅವ್ವನ ಇಳಕಲ್ ಸೀರೆ ಮೂರು ಎತ್ತಿಟ್ಟಿದ್ದೇನೆ. ಮಳೆ ನಿಂತ ಮೇಲೆ ಖಾನಾಪುರಕ್ಕೆ ಮತ್ತೆ ಹೋಗಬೇಕು.