ಮುಳುಗೋ ಊರಿನ ಹಾಡು

‘ಲಂಡನ್ ಕಾಲಿಂಗ್’ ಅನ್ನೋ ಹಾಡನ್ನು ಸುಮ್ನೆ ಮೇಲ್ಮೇಲೆ ಕೇಳಿದರೆ ‘ಬನ್ನಿ, ನಮ್ಮೂರು ನೋಡಿ’ ಅಂತ ಕರೆದ ಹಾಗಿರುತ್ತೆ. 2012ರ ಲಂಡನ್ ಒಲಿಂಪಿಕ್ಸ್ ಪ್ರಚಾರಕ್ಕೂ ಇದೇ ಹಾಡು. ಬರೆದವರು ಮಾತ್ರ ಯಾರನ್ನೂ ಊರು ನೋಡೋಕೆ ಕರೆದಿರಲಿಲ್ಲ.

2019ರ ಡಿಸೆಂಬರ್‌ನಲ್ಲಿ ಈ ಹಾಡಿರೋ, ಇದೇ ಹೆಸರಿನ ಆಲ್ಬಮ್‌ಗೆ 40 ವರ್ಷ ತುಂಬಿತು. ಅದು ದಿ ಕ್ಲ್ಯಾಶ್ ಅನ್ನೋ ಬ್ರಿಟಿಷ್ ಪಂಕ್ ರಾಕ್ ತಂಡದ್ದು. ಮ್ಯೂಸಿಯಂ ಆಫ್ ಲಂಡನ್‌ನಲ್ಲಿ ಒಂದು ಪ್ರದರ್ಶನ ಇಟ್ಟಿದ್ದರು. ಟಿಕೆಟ್ ಇಲ್ಲ. ಬೆಂಗಳೂರಿಂದ ಬಂದಿದ್ದ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಹೊರಗೆ ಜಿಟಿಜಿಟಿ ಮಳೆ.

ಗಾಜಿನೊಳಗೆ ಮರ ಸೀಳಿ ಹೋದ ಬಾಸ್ ಗಿಟಾರ್ ಇತ್ತು.

“ಮಾಮ, ಮುರಿದಿರೋದನ್ನ ಯಾಕೆ ಇಟ್ಟಿದಾರೆ?”

1979ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕಾರ್ಯಕ್ರಮ. ಕುಣಿಯೋಕೆ ಎದ್ದವರನ್ನು ಕಾವಲಿನವರು ಮತ್ತೆ ಕುರ್ಚಿಗೆ ಕೂರಿಸ್ತಿದ್ದರು. ಅದನ್ನು ನೋಡಿ ತಂಡದ ಬಾಸ್ ಗಿಟಾರ್ ವಾದಕ ಪಾಲ್ ಸಿಮನನ್‌ಗೆ ರೇಗಿತು. ಈ ಗಿಟಾರನ್ನೇ ಎತ್ತಿ ವೇದಿಕೆಗೆ ಬಡಿದೇ ಬಿಟ್ಟ. ಅದನ್ನು ಕ್ಲಿಕ್ಕಿಸಿದ ಪೆನ್ನಿ ಸ್ಮಿತ್‌ಗೆ ಆ ಫೋಟೋ ಇಷ್ಟವೇ ಇರಲಿಲ್ಲ, ಮಸುಕಾಗಿದೆ ಅಂತ. ಹಾಡುಗಾರ ಜೋ ಸ್ಟ್ರಮ್ಮರ್ ಹಟ ಹಿಡಿದು ಅದನ್ನೇ ಆಲ್ಬಮ್ಮಿನ ಮುಖಪುಟಕ್ಕೆ ಹಾಕಿಸಿದ. ಇವತ್ತು ಟೀ ಶರ್ಟುಗಳ ಮೇಲೆಲ್ಲ ಅದೇ ಚಿತ್ರ.

ಹುಡುಗ ಗಿಟಾರ್ ಬಿಟ್ಟು ಕದಲಲಿಲ್ಲ. ನನಗೆ ಹಿಡಿಸಿದ್ದು ಮಾತ್ರ ಪಕ್ಕದಲ್ಲಿದ್ದ ಸ್ಟ್ರಮ್ಮರ್‌ನ ನೋಟ್‌ಬುಕ್. ತೆರೆದಿಟ್ಟ ಪುಟದಲ್ಲಿ ಕೈಬರಹದ ಸಾಲುಗಳು. ಆಗ ಹಾಡಿನ ಹೆಸರು ‘ಐಸ್ ಏಜ್’, ಅಂದರೆ ಹಿಮಯುಗ. ಹೆಸರು ಬದಲಾಯಿತು, ದಿಗಿಲು ಹಾಗೇ ಉಳಿಯಿತು. ಆ ಮಾರ್ಚ್‌ನಲ್ಲಷ್ಟೇ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅವಘಡ ಆಗಿತ್ತು. ಥೇಮ್ಸ್ ಉಕ್ಕಿದರೆ ಲಂಡನ್ ಮುಳುಗುತ್ತೆ ಅನ್ನೋ ಭಯವೂ ಇತ್ತು. ಸ್ಟ್ರಮ್ಮರ್ ಆಗ ಇದ್ದದ್ದು ಹೊಳೆ ಪಕ್ಕದ ವರ್ಲ್ಡ್ಸ್ ಎಂಡ್ ಎಸ್ಟೇಟ್ ಅನ್ನೋ ವಸತಿ ಬಡಾವಣೆಯಲ್ಲಿ. ಎಂಥ ಹೆಸರು, ಅಲ್ವಾ? ‘ಲಂಡನ್ ಕಾಲಿಂಗ್’ ಅನ್ನೋದು ಯುದ್ಧದ ಕಾಲದಲ್ಲಿ ಬಿಬಿಸಿ ರೇಡಿಯೋ ಹೇಳ್ತಿದ್ದ ಮಾತು, ನಮಗೆ ‘ಇದು ಆಕಾಶವಾಣಿ’ ಇದ್ದ ಹಾಗೆ. ಸುದ್ದಿ ಓದೋ ಆ ಮಾತಿನಲ್ಲೇ ಊರು ಮುಳುಗೋ ಸುದ್ದಿ ಕೊಟ್ಟ ನೋಡಿ, ಅಲ್ಲಿದೆ ಅವನ ಜಾಣತನ. ಪಂಕ್ ಅಂದರೆ ಬರೀ ಕಿರುಚಾಟ ಅನ್ನೋರಿಗೆ ಈ ಹಾಡೊಂದನ್ನು ಕೇಳಿಸಿದರೆ ಸಾಕು.

ಟ್ರೈನಿನಲ್ಲಿ ಹುಡುಗನಿಗೆ ಇಯರ್‌ಫೋನ್ ಕೊಟ್ಟು, “ಕೊನೆವರೆಗೂ ಕೇಳು” ಅಂದೆ. ಮುಗಿಯುವಾಗ ಗಿಟಾರಿನಿಂದ ಮೋರ್ಸ್ ಸಂಕೇತ ಬರುತ್ತೆ. ಮೂರು ಗಿಡ್ಡ, ಮೂರು ಉದ್ದ, ಮತ್ತೆ ಮೂರು ಗಿಡ್ಡ. ಅವನು ತೊಡೆ ಮೇಲೆ ಬೆರಳು ತಟ್ಟುತ್ತಾ ಎಣಿಸಿದ.

“ಎಸ್ಓಎಸ್, ‘ಕಾಪಾಡಿ’ ಅನ್ನೋ ಕರೆ, ಅಲ್ವಾ ಮಾಮ? ಹಂಗಾದ್ರೆ ಒಲಿಂಪಿಕ್ಸ್‌ಗೆ ಯಾಕೆ ಹಾಕಿದ್ರು?”

“ಮೊದಲೆರಡು ಪದ ಮಾತ್ರ ಕೇಳಿಸ್ಕೊಂಡಿರಬೇಕು ಕಣೋ.”

ಮಾರನೇ ದಿನ ವುಲಿಚ್ ಹತ್ತಿರದ ಥೇಮ್ಸ್ ಬ್ಯಾರಿಯರ್ ನೋಡಲೇಬೇಕು ಅಂತ ಹಟ ಹಿಡಿದ. ಹೋದೆವು. ನೆರೆ ತಡೆಯೋಕೆ ಹೊಳೆಗೆ ಅಡ್ಡವಾಗಿ ಕಟ್ಟಿದ 520 ಮೀಟರ್ ಉದ್ದದ ತಡೆ, 10 ಗೇಟು. ಹಾಡು ಬಂದಾಗ ಇದಿನ್ನೂ ಕಟ್ಟುವ ಹಂತದಲ್ಲಿತ್ತು. 1982ರಿಂದ ಇಲ್ಲಿವರೆಗೆ ಊರು ಉಳಿಸೋಕೆ 200ಕ್ಕೂ ಜಾಸ್ತಿ ಸಲ ಈ ಗೇಟುಗಳನ್ನು ಮುಚ್ಚಿದ್ದಾರೆ.